ಮೋಟಾರು ಸೈಕಲ್ಲಿಗೆ ಯಾವ ಎಣ್ಣೆ?

ಬೇಸಗೆ ಬಲಿತು ದೆಹಲಿಯ ಬಿಸಿಲು 45 ಡಿಗ್ರಿಯನ್ನು ಮುಟ್ಟತೊಡಗಿತೆಂದರೆ, ಇಲ್ಲಿರುವ ನಮ್ಮ ತರುಣರ ಮನಸ್ಸು ಬೆಟ್ಟದ ಕಡೆಗೆ ಹೊರಳುವುದು ಈಚಿನ ವರ್ಷಗಳಲ್ಲಿ ವಾಡಿಕೆಯಾಗಿದೆ. ಹಿಂದಿನವರು ಕೂಡಿಟ್ಟ ರಜೆಯನ್ನೆಲ್ಲ ಊರಿಗೆ ಹೋಗಿಬರುವುದಕ್ಕೇ ವ್ಯಯಮಾಡುತ್ತಿದ್ದರು. ಇಂದಿನ ಹುಡುಗರು ಅದರಲ್ಲಿ ಎಂಟು ಹತ್ತು ದಿನಗಳನ್ನು ಉಳಿಸಿಕೊಂಡು, ಮೋಟಾರು ಸೈಕಲ್ಲನ್ನೇರಿ ಮನಾಲಿಯ ಮಾರ್ಗವಾಗಿ ಲಡಾಖಿಗೋ ಸ್ಪಿತಿಗೋ ಹೊರಡುತ್ತಾರೆ. ಅಷ್ಟು ರಜೆ ದೊರೆಯದವರು ಭಾನುವಾರ ಬೆಳಗಿನ ಜಾವವೇ ಎದ್ದು, ಗುರುಗ್ರಾಮ ಫರೀದಾಬಾದುಗಳಾಚೆಯ ಅರಾವಳಿಯ ಕಲ್ಲುಮಣ್ಣಿನ ಹಾದಿಗಳಲ್ಲಿ ಸುತ್ತಾಡಿ, ಮಧ್ಯಾಹ್ನದ ಪಾಳಿಯ ಹೊತ್ತಿಗೆ ಮರಳುತ್ತಾರೆ. ಅಲ್ಲಿ ರಕ್ಷಿತ ಅರಣ್ಯದ ಜಾಗಗಳುಂಟು. ಅವುಗಳೊಳಗೆ ಗಾಡಿ ನುಗ್ಗಿಸುವುದು ತಪ್ಪೆಂಬುದನ್ನು ಹೇಳಿಯೇ ಮುಂದುವರಿಯುತ್ತೇವೆ. ಹಿರಿಯರಲ್ಲಿ ಕೆಲವರು ಈ ತಿರುಗಾಟವನ್ನು ದುಂದುಗಾರಿಕೆಯೆಂದು ಜರೆಯುವುದನ್ನು ಕೇಳಿದ್ದೇವೆ. ನಾವು ಆ ಪಕ್ಷದವರಲ್ಲ. ವರ್ಷದ ಹನ್ನೊಂದು ತಿಂಗಳು ಒಲೆಯ ಮುಂದೆಯೋ ಕಡತದ ಮುಂದೆಯೋ ಕಳೆಯುವವನು ಹಿಮವನ್ನು ಕಣ್ಣಾರೆ ಕಂಡು ಬಂದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ನಮ್ಮ ಆಕ್ಷೇಪವಿರುವುದು ಹೊರಡುವುದಕ್ಕೆ ಮುಂಚಿನ ಒಂದು ಅಲಕ್ಷ್ಯದ ಬಗ್ಗೆ.

ಎರಡು ವರ್ಷಗಳ ಹಿಂದೆ ನಮ್ಮ ಪರಿಚಯದ ಹೋಟೆಲೊಂದರ ಹುಡುಗ, ಕಂತಿನಲ್ಲಿ ಕೊಂಡ ಮೋಟಾರು ಸೈಕಲ್ಲಿನಲ್ಲಿ ಸ್ಪಿತಿಗೆ ಹೊರಟನು. ಹೊರಡುವ ಮುನ್ನಾ ದಿನ ಎಣ್ಣೆ ಬದಲಾಯಿಸಲು ಹೋದವನು, "ಬೆಟ್ಟಕ್ಕೆ ಹೋಗುತ್ತಿದ್ದೇನೆ, ಅಂಗಡಿಯಲ್ಲಿರುವುದರಲ್ಲಿ ಅತ್ಯಂತ ಬೆಲೆಯುಳ್ಳದ್ದನ್ನೇ ಹಾಕಿ" ಎಂದನಂತೆ. ಮೆಕ್ಯಾನಿಕನು ಹಾಗೆಯೇ ಮಾಡಿದನು. ಬಾತಾಲಿನಿಂದ ಕುಂಜುಮ್ ಕಣಿವೆಯ ಏರನ್ನು ಹತ್ತುವಾಗ ಎಂಜಿನು ಆರ್ಭಟಿಸುತ್ತಿತ್ತು, ಗಾಡಿ ಮಾತ್ರ ಮುಂದೆ ಸಾಗಲೊಲ್ಲದು. ಕ್ಲಚ್ಚು ಜಾರುತ್ತಿತ್ತು. ಸಂಜೆಯವರೆಗೆ ಅದರೊಡನೆ ಗುದ್ದಾಡಿದ್ದರಿಂದ ಕ್ಲಚ್ಚಿನ ಫಲಕಗಳು ಸುಟ್ಟುಹೋದವು. ಲಾರಿಯ ಬಾಡಿಗೆ, ಮನಾಲಿಯಲ್ಲಿ ರಿಪೇರಿ, ತಡವಾದ ದಿನಗಳ ಸಂಬಳದ ಕಡಿತ ಎಲ್ಲವೂ ಸೇರಿ ಅವನಿಗೆ ತಿಂಗಳ ದುಡಿಮೆಯೇ ಹೋದಂತಾಯಿತು. ಆ ಸಲ ಊರಿಗೆ ಹಣ ಕಳುಹಿಸಲಾಗಲಿಲ್ಲ. ಮಿಕ್ಕ ಎಣ್ಣೆಯ ಡಬ್ಬಿಯನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದನು. ನೋಡಿದರೆ ಅದು ಕಾರಿಗೆ ಹಾಕುವ ಎಣ್ಣೆ. ಒಳ್ಳೆಯ ಕಂಪನಿಯದು, ನಕಲಿಯೂ ಅಲ್ಲ, ಅವನ ಗಾಡಿಗೆ ಹೇಳಿದ ಎಣ್ಣೆಗಿಂತ ಬೆಲೆಯೂ ಹೆಚ್ಚು. ಮೆಕ್ಯಾನಿಕನು ಮೋಸಮಾಡಿದನೆಂದು ಹೇಳಲು ಬರುವುದಿಲ್ಲ. ಕೇಳಿದ್ದನ್ನೇ ಅವನು ಕೊಟ್ಟಿದ್ದನು.

ಬೆಲೆ ಹೆಚ್ಚಿದ್ದುದು ಗುಣದಲ್ಲಿಯೂ ಹೆಚ್ಚಿರಬೇಕೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಎಣ್ಣೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಮಾದವಿಲ್ಲ. ಕಾರಿನಲ್ಲಿ ಎಂಜಿನಿಗೆ ಒಂದು ಎಣ್ಣೆ, ಗೇರು ಪೆಟ್ಟಿಗೆಗೆ ಬೇರೊಂದು. ಸಾಮಾನ್ಯ ಗೇರಿನ ಕಾರುಗಳಲ್ಲಿ ಕ್ಲಚ್ಚು ಒಣಗಿದ ಜಾಗದಲ್ಲಿರುವುದರಿಂದ ಅದಕ್ಕೆ ಎಣ್ಣೆಯ ಸೋಂಕೇ ಇಲ್ಲ. ನಮ್ಮ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲಿನವುಗಳಲ್ಲಿ ಈ ಮೂರೂ ಒಂದೇ ಮನೆಯಲ್ಲಿ ವಾಸಿಸುತ್ತವೆ. ಪಿಸ್ಟನ್ನನ್ನು ಜಾರುವಂತೆ ಮಾಡಬೇಕಾದುದೂ ಅದೇ ಎಣ್ಣೆ, ಗೇರಿನ ಹಲ್ಲುಗಳನ್ನು ಸವೆಯದಂತೆ ಕಾಯಬೇಕಾದುದೂ ಅದೇ, ಕ್ಲಚ್ಚಿನ ಫಲಕಗಳನ್ನು ಮುಳುಗಿಸಿಯೂ ಅವು ಒಂದನ್ನೊಂದು ಬಿಗಿಯಾಗಿ ಹಿಡಿಯುವಂತೆ ಬಿಡಬೇಕಾದುದೂ ಅದೇ. ಕಾರಿನ ಎಣ್ಣೆಗಳಲ್ಲಿ ಅನೇಕಕ್ಕೆ, ವಿಶೇಷವಾಗಿ ಇಂಧನ ಉಳಿಸುವವೆಂದು ಮಾರಾಟವಾಗುವ ತೆಳು ಎಣ್ಣೆಗಳಿಗೆ, ಘರ್ಷಣೆಯನ್ನು ಇನ್ನಷ್ಟು ಕುಗ್ಗಿಸುವ ದ್ರವ್ಯಗಳನ್ನು ಬೆರೆಸಿರುತ್ತಾರೆ. ಕಾರಿಗೆ ಅದು ಲಾಭ. ಹಿಡಿತವೇ ಜೀವವಾಗಿರುವ ಮೋಟಾರು ಸೈಕಲ್ಲಿನ ಕ್ಲಚ್ಚಿಗೆ ಅದೇ ವಿಷ. ಪೇಟೆಯ ರಸ್ತೆಯಲ್ಲಿ ಈ ದೋಷ ತಿಂಗಳುಗಟ್ಟಲೆ ಮರೆಯಲ್ಲಿರಬಹುದು. ಸಾಮಾನು ಹೇರಿಕೊಂಡು, ಮೊದಲನೆಯ ಗೇರಿನಲ್ಲಿ, ಕಲ್ಲಿನ ಏರನ್ನು ಅರ್ಧ ಕ್ಲಚ್ಚು ಹಿಡಿದು ಹತ್ತುವಾಗ ಮಾತ್ರ ಅದು ಬಯಲಾಗುತ್ತದೆ. ಅಷ್ಟು ಹೊತ್ತಿಗೆ ನಾವು ಮನೆಯಿಂದ ಬಲು ದೂರ ಬಂದಿರುತ್ತೇವೆ.

ಈ ಗೊಂದಲಕ್ಕೆ ನಮ್ಮ ಊರಿನ ಹಳೆಯ ನೆನಪೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚುವವರೆಗೆ, ಕನ್ನಡ ನಾಡಿನಲ್ಲಿ ಮೋಟಾರು ಸೈಕಲ್ಲೆಂದರೆ ಎಷ್ಟೋ ಮನೆಗಳಲ್ಲಿ ಜಾವಾ ಇಲ್ಲವೆ ಯೆಜ್ಡಿ. ಅವು ಎರಡು ಹೊಡೆತದ ಎಂಜಿನಿನವು. ಎಂಜಿನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನೊಡನೆಯೇ ಬೆರೆಸಿ ಹಾಕುವುದು, ಅದು ಉರಿದು ಹೊಗೆಯಾಗಿ ಹೋಗುವುದು. ಗೇರು ಪೆಟ್ಟಿಗೆಗೆ ಮಾತ್ರ ಪ್ರತ್ಯೇಕ ಎಣ್ಣೆ. ಆ ಗಾಡಿಗಳ ಮೇಲೆ ಬೆಳೆದ ತಂದೆಯು ಮಗನಿಗೆ ಇಂದಿಗೂ "ಗೇರಿನ ಎಣ್ಣೆ ಬೇರೆ, ಎಂಜಿನ್ನಿನ ಎಣ್ಣೆ ಬೇರೆ" ಎಂದು ಫೋನಿನಲ್ಲಿ ಬುದ್ಧಿ ಹೇಳುತ್ತಾನೆ. ಅವನ ಗಾಡಿಗೆ ಅದು ಸತ್ಯ, ಮಗನ ಗಾಡಿಗೆ ಅಲ್ಲ. ಚಿಲ್ಲರೆ ಎಣ್ಣೆಯನ್ನು ಅಳೆದು ಸುರಿಸಿಕೊಳ್ಳುವ ಅಭ್ಯಾಸವೂ ಆ ಕಾಲದ್ದೇ. ದೆಹಲಿಯಲ್ಲಿ 1998ರ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವು ಮಾಡಿದ ಆಜ್ಞೆಯಲ್ಲಿ, ಎರಡು ಹೊಡೆತದ ಗಾಡಿಗಳ ಎಣ್ಣೆಯನ್ನು ಬಿಡಿಯಾಗಿ ಮಾರುವುದನ್ನು ಆ ವರ್ಷದ ಕೊನೆಯೊಳಗೆ ನಿಲ್ಲಿಸಬೇಕೆಂಬುದೂ ಒಂದಾಗಿದ್ದಿತು. ನಗರದ ಗಾಳಿಯನ್ನು ಕುರಿತ ಆಜ್ಞೆ ಅದು. ಆದರೆ ಕೊಳಕು ಎಣ್ಣೆ ಗಾಳಿಗೂ ಎಂಜಿನಿಗೂ ಏಕಕಾಲದಲ್ಲಿ ಶತ್ರುವೆಂಬುದು ಆಗಲೇ ತಿಳಿದಿತ್ತು.

ಗೇರಿನ ಎಣ್ಣೆಯನ್ನು ಪ್ರತ್ಯೇಕವಾಗಿ ಬೇಡುವ ಗಾಡಿಗಳು ಇಂದಿಗೂ ಇಲ್ಲದಿಲ್ಲ. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿನಲ್ಲಿ ಗೇರು ಪೆಟ್ಟಿಗೆ ಬೇರೆಯೇ. ಗೇರಿಲ್ಲದ ಸ್ಕೂಟರುಗಳಲ್ಲಿಯೂ ಹಿಂದಿನ ಚಕ್ರದ ಬಳಿ ಸ್ವಲ್ಪ ಎಣ್ಣೆ ಪ್ರತ್ಯೇಕವಾಗಿರುತ್ತದೆ. ಮಣ್ಣಿನ ಪಂದ್ಯಕ್ಕೆಂದೇ ಹೋಂಡಾ ಕಂಪನಿಯು 2002ರಲ್ಲಿ ತಂದ ಸಿಆರ್‌ಎಫ್ 450 ಆರ್ ಎಂಬ ಗಾಡಿಯಲ್ಲಂತೂ, ನಾಲ್ಕು ಹೊಡೆತದ್ದಾದರೂ, ಎಂಜಿನಿಗೊಂದು ಗೇರು ಕ್ಲಚ್ಚುಗಳಿಗೊಂದು ಎಂದು ಎಣ್ಣೆಯ ಮನೆಯನ್ನೇ ಎರಡಾಗಿ ಪಾಲುಮಾಡಿದ್ದರು. ಕ್ಲಚ್ಚು ಸವೆದ ಪುಡಿ ಎಂಜಿನಿನೊಳಗೆ ಸುತ್ತಾಡಬಾರದೆಂಬುದು ಅದರ ಒಂದು ಉದ್ದೇಶ. ಅಂಥ ಗಾಡಿಗಳನ್ನು ಕೊಳ್ಳುವ ಶಕ್ತಿ ನಮ್ಮ ವಾಚಕರಲ್ಲಿ ಎಷ್ಟು ಜನಕ್ಕಿದೆಯೋ ಅರಿಯೆವು. ಆದರೆ ಅದರಿಂದ ಒಂದು ವಿಷಯ ತಿಳಿಯುತ್ತದೆ: ಒಂದೇ ಎಣ್ಣೆಯಿಂದ ಮೂರು ಕೆಲಸ ಮಾಡಿಸುವುದು ಸುಲಭವಲ್ಲವೆಂದು ಗಾಡಿ ಮಾಡುವವರಿಗೇ ಗೊತ್ತು.

ಗೇರಿನ ಎಣ್ಣೆಯ ಡಬ್ಬಿಯ ಮೇಲೆ 90 ಎಂದಿರುವುದನ್ನು ಕಂಡು, ಎಂಜಿನ್ ಎಣ್ಣೆಯ 40ಕ್ಕಿಂತ ಅದು ಎರಡರಷ್ಟು ಗಟ್ಟಿಯೆಂದು ಬಗೆದು, ಬೆಟ್ಟಕ್ಕೆ ಇದೇ ಲೇಸೆಂದು ಸುರಿದವರನ್ನೂ ನಾವು ಕಂಡಿದ್ದೇವೆ. ಎರಡರ ಅಳತೆಗೋಲೇ ಬೇರೆ. ಗೇರಿನ ಅಳತೆಯ 90, ಎಂಜಿನ್ ಅಳತೆಯ 40-50ರ ಆಸುಪಾಸಿನ ಗಟ್ಟಿತನದ್ದು, ಅಷ್ಟೆ. ಸೇರನ್ನೂ ಕಿಲೋವನ್ನೂ ಹೋಲಿಸಿದಂತಾಯಿತು ಆ ಲೆಕ್ಕ. ಮೇಲಾಗಿ ಲಾರಿಯ ಹಿಂದಿನ ಅಚ್ಚಿಗೆ ಹಾಕುವ ಜಿಎಲ್-5 ಎಂಬ ಗುರುತಿನ ಎಣ್ಣೆಗಳಲ್ಲಿರುವ ಗಂಧಕದ ದ್ರವ್ಯಗಳು ಹಿತ್ತಾಳೆ, ಕಂಚುಗಳ ಬುಷ್‌ಗಳನ್ನು ತಿನ್ನುವ ಸಂಭವವುಂಟು. ಮೋಟಾರು ಸೈಕಲ್ಲಿನ ಎಂಜಿನಿಗೆ ಗೇರಿನ ಎಣ್ಣೆಯನ್ನು ಎಂದಿಗೂ ಹಾಕತಕ್ಕದ್ದಲ್ಲ.

ಇನ್ನು ಎಂಜಿನ್ ಎಣ್ಣೆಯ ಅಂಕಿಗಳು. 15ಡಬ್ಲ್ಯು-50 ಎಂದಿದ್ದರೆ ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುವುದೆಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿಯ ಬಿಸಿಯಲ್ಲಿ ಎಷ್ಟು ಗಟ್ಟಿಯಾಗಿ ಉಳಿಯುವುದೆಂಬುದನ್ನೂ ಹೇಳುತ್ತವೆ. ಲಡಾಖಿಗೆ ಹೊರಟವರಿಗೆ "ಚಳಿಯ ದೇಶ, ತೆಳುವಾದ ಎಣ್ಣೆ ಹಾಕಿಸಿ" ಎಂಬ ಉಪದೇಶ ಎಲ್ಲೆಡೆಯಲ್ಲಿಯೂ ದೊರೆಯುವುದು. ನಮ್ಮ ಅಭಿಪ್ರಾಯದಲ್ಲಿ ಈ ಉಪದೇಶ ಅತಿಯಾದುದು. 20ಡಬ್ಲ್ಯು ಎಂಬ ಎಣ್ಣೆಯನ್ನು ಎಂಜಿನು ತಿರುಗುವುದೋ ಇಲ್ಲವೋ ಎಂದು ಪರೀಕ್ಷಿಸುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. 15ಡಬ್ಲ್ಯು ಎಣ್ಣೆಯನ್ನು 20 ಡಿಗ್ರಿ ಕೆಳಗೆ, 10ಡಬ್ಲ್ಯು ಎಣ್ಣೆಯನ್ನು 25 ಡಿಗ್ರಿ ಕೆಳಗೆ. ಜೂನ್, ಜುಲೈ ತಿಂಗಳುಗಳಲ್ಲಿ ಹೋಗುವವನಿಗೆ ಸರ್ಚುವಿನ ರಾತ್ರಿಯಲ್ಲಿ ಸೊನ್ನೆಯ ಆಸುಪಾಸಿನ ಚಳಿ ಸಿಗಬಹುದು, ಅಷ್ಟು ಕೆಳಗಿನದಲ್ಲ. ಬೆಳಗ್ಗೆ ಎಂಜಿನನ್ನು ಎರಡು ನಿಮಿಷ ನಿಧಾನವಾಗಿ ಓಡಿಸಿ ಹೊರಟರೆ ಸಾಕು. ಜನವರಿಯಲ್ಲಿ ಸ್ಪಿತಿಯ ಹಿಮವನ್ನು ನೋಡಹೋಗುವ ಸಾಹಸಿಗಳ ಮಾತು ಬೇರೆ.

ಬೆಟ್ಟದ ದಾರಿಯಲ್ಲಿ ಎಣ್ಣೆಯನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಬಿಸಿ. ಗಾಳಿಯಿಂದಲೇ ತಣಿಯುವ ಎಂಜಿನಿಗೆ ವೇಗವೇ ಬೀಸಣಿಗೆ. ಗಂಟೆಗೆ ಹತ್ತು ಕಿಲೋಮೀಟರಿನಂತೆ ತೆವಳುತ್ತ ಏರುವಾಗ ಬೀಸಣಿಗೆ ನಿಂತಂತೆಯೇ. ಎಂಜಿನಿನ ದುಡಿತ ಮಾತ್ರ ಇಮ್ಮಡಿ. ಅದರ ಮೇಲೆ ಗೇರಿನ ಹಲ್ಲುಗಳು ಎಣ್ಣೆಯನ್ನು ಅರೆಯುವ ಕಲ್ಲಿನಂತೆ ಅರೆಯುತ್ತವೆ. ಬಿಸಿಯಲ್ಲಿಯೂ ಗಟ್ಟಿತನ ಕಾಯಲೆಂದು ಎಣ್ಣೆಗೆ ಬೆರೆಸಿದ ಉದ್ದನೆಯ ಅಣುಗಳು ಈ ಅರೆತಕ್ಕೆ ತುಂಡಾಗಿ, 50 ಎಂದು ಹಾಕಿದ ಎಣ್ಣೆ ಕೆಲಕಾಲದ ಮೇಲೆ 40ರಂತೆ ತೆಳ್ಳಗಾಗುವುದುಂಟು. ಕಾರಿನ ಹೊಟ್ಟೆಯಲ್ಲಿ ಮೂರು ನಾಲ್ಕು ಲೀಟರು ಎಣ್ಣೆ ಈ ಭಾರವನ್ನು ಹಂಚಿಕೊಂಡರೆ, ಸಣ್ಣ ಮೋಟಾರು ಸೈಕಲ್ಲಿನಲ್ಲಿರುವುದು ಒಂದು ಲೀಟರಿನ ಹತ್ತಿರ ಮಾತ್ರ.

ಹಾಗೆಂದು ಎಲ್ಲರೂ 50ನ್ನೇ ಹಾಕಿಸಬೇಕೆಂದು ನಾವು ಹೇಳುತ್ತಿಲ್ಲ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ಗೆ ತಯಾರಕರು ವಿಧಿಸಿದ್ದು 15ಡಬ್ಲ್ಯು-50. ಹೀರೋ ಸ್ಪ್ಲೆಂಡರಿಗೆ ವಿಧಿಸಿದ್ದು 10ಡಬ್ಲ್ಯು-30. ಇವೆರಡೂ ಒಂದೇ ದಾರಿಯಲ್ಲಿ ಲೇಹ್ ಮುಟ್ಟಿ ಬಂದಿವೆ. ಎಂಜಿನಿನೊಳಗಿನ ಸಂದುಗಳು, ಎಣ್ಣೆಯ ಪಂಪು, ನಾಳಗಳು ಆಯಾ ಗಟ್ಟಿತನಕ್ಕೆ ಹೊಂದುವಂತೆ ಕೊರೆಯಲ್ಪಟ್ಟಿರುತ್ತವೆ. ಗೆಳೆಯನ ಗಾಡಿಯ ಎಣ್ಣೆ ನಮ್ಮ ಗಾಡಿಗೆ ಪ್ರಮಾಣವಾಗಲಾರದು.

ಅಂಕಿಗಿಂತಲೂ ಮುಖ್ಯವಾದುದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳು. ಜಪಾನಿನವರು 1998ರಲ್ಲಿ ಮೋಟಾರು ಸೈಕಲ್ಲಿನ ಎಣ್ಣೆಗೆಂದೇ ಜಾಸೊ ಎಂಬ ಪರೀಕ್ಷೆಯನ್ನು ಏರ್ಪಡಿಸಿದರು. ಕ್ಲಚ್ಚಿನ ಹಿಡಿತವನ್ನು ಕಾಯುವ ಎಣ್ಣೆಗೆ ಎಂಎ ಎಂದೂ, ಹಿಡಿತ ಕಡಿಮೆಯಿರುವುದಕ್ಕೆ ಎಂಬಿ ಎಂದೂ ಹೆಸರಿಟ್ಟರು. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಎಂದು ವಿಂಗಡಿಸಿದರು. ಎಂಎ2ರಲ್ಲಿ ಹಿಡಿತ ಎಲ್ಲಕ್ಕಿಂತ ಹೆಚ್ಚು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚುಳ್ಳ ಗಾಡಿಯಲ್ಲಿ ಮಣ್ಣಿನ ದಾರಿಗೆ ಹೊರಡುವವನು ಎಂಎ ಅಥವಾ ಎಂಎ2 ಎಂಬ ಗುರುತಿಲ್ಲದ ಡಬ್ಬಿಯನ್ನು, ಅದು ಎಷ್ಟೇ ಬೆಲೆಯದಾಗಿರಲಿ, ಹಿಂದಿರುಗಿಸತಕ್ಕದ್ದು. ಎಪಿಐ ಎಂಬುದರ ಮುಂದಿನ ಎಸ್‌ಎಲ್, ಎಸ್‌ಎನ್, ಎಸ್‌ಪಿ ಮುಂತಾದುವು ಎಂಜಿನಿನ ರಕ್ಷಣೆಯ ದರ್ಜೆಗಳು; 2001ರ ಎಸ್‌ಎಲ್‌ಗಿಂತ 2020ರ ಎಸ್‌ಪಿ ಹೊಸದು. ಆದರೆ ಆ ಅಕ್ಷರಗಳು ಕ್ಲಚ್ಚಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸ್ಪಿತಿಗೆ ಹೋದ ಆ ಹುಡುಗನ ಡಬ್ಬಿಯ ಮೇಲೆ ಉನ್ನತ ದರ್ಜೆಯ ಎಪಿಐ ಗುರುತಿತ್ತು, ಜಾಸೊ ಇರಲಿಲ್ಲ.

ಹೋಟೆಲುಗಳಲ್ಲಿ ಇನ್ನೊಂದು ಅಪಾಯವುಂಟು. ಊಟ ತಲುಪಿಸುವ ಕೆಲಸಕ್ಕೆ ಒಂದು ಸ್ಕೂಟರು, ಒಂದು ಮೋಟಾರು ಸೈಕಲ್ಲು ಇರುವ ಕಡೆ, ಮಾಲೀಕರು ಎಣ್ಣೆಯನ್ನು ಒಟ್ಟಿಗೆ ತರಿಸಿಡುತ್ತಾರೆ. ಸ್ಕೂಟರಿನ ಕ್ಲಚ್ಚು ಒಣಗಿದ್ದು. ಹೋಂಡಾ ಆಕ್ಟಿವಾದಂಥ ಸ್ಕೂಟರಿಗೆ ವಿಧಿಸಿದ್ದೇ ಎಂಬಿ ಗುರುತಿನ 10ಡಬ್ಲ್ಯು-30. ಅಂಕಿಯೊಂದೇ ಆದುದರಿಂದ ಅದನ್ನೇ ಸ್ಪ್ಲೆಂಡರಿಗೂ ಸುರಿಯುವುದು ಸುಲಭ. ಅಂಕಿ ಸರಿ, ಅಕ್ಷರ ತಪ್ಪು. ಡಬ್ಬಿಗಳ ಮೇಲೆ ದೊಡ್ಡದಾಗಿ ಸ್ಕೂಟರಿನದು, ಬೈಕಿನದು ಎಂದು ಬರೆದಿಡಲು ಒಂದು ಸೀಸದ ಕಡ್ಡಿ ಸಾಕು.

ಎಣ್ಣೆಯನ್ನು ಯಾವಾಗ ಬದಲಾಯಿಸಬೇಕೆಂಬುದರಲ್ಲಿ ನಮ್ಮ ಅಡಿಗೆಯವರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ವಡೆ ಕರಿದ ಎಣ್ಣೆಯ ನೊರೆ, ವಾಸನೆ, ಅಂಟುಗಳನ್ನು ನೋಡಿಯೇ "ಇದು ಸತ್ತಿತು, ಇಳಿಸು" ಎನ್ನುವವರು ಅವರು. 2018ರ ಜುಲೈ 1ರಿಂದ ಬಾಣಲೆಯ ಎಣ್ಣೆಗೆ ಕಾನೂನೇ ಮಿತಿ ಹಾಕಿದೆ: ಕೆಟ್ಟು ಉಂಟಾಗುವ ದ್ರವ್ಯಗಳ ಅಂಶ ನೂರಕ್ಕೆ 25ನ್ನು ಮೀರಿದರೆ ಬಳಸುವಂತಿಲ್ಲ. ಅಂಥ ಜಾಣನೇ ತನ್ನ ಗಾಡಿಯ ಎಣ್ಣೆಯನ್ನು "ಇನ್ನೂ ಸಾವಿರ ಕಿಲೋಮೀಟರು ಬಾಕಿಯಿದೆ" ಎಂದು ಮುಂದೂಡುವುದನ್ನು ನೋಡಿದಾಗ ನಮಗೆ ಸೋಜಿಗವಾಗುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರುಗಳು ಸಾಧಾರಣ ರಸ್ತೆಯ ಲೆಕ್ಕ. ಧೂಳಿನ, ಏರಿಳಿತದ ದಾರಿಯಲ್ಲಿ ಬೇಗನೆ ಬದಲಾಯಿಸಿರೆಂದು ಆ ಪುಸ್ತಕಗಳೇ ಸಾಮಾನ್ಯವಾಗಿ ಹೇಳಿರುತ್ತವೆ. ಕಲ್ಲುದಾರಿಯಲ್ಲಿ ಒಂದು ಗಂಟೆಗೆ ಹತ್ತೇ ಕಿಲೋಮೀಟರು ಸಾಗಿದರೂ ಎಂಜಿನು ದುಡಿದುದು ಪೂರ್ತಿ ಒಂದು ಗಂಟೆ. ಪಂದ್ಯದ ಗಾಡಿಗಳಿಗೆ ಗಂಟೆಗಳ ಲೆಕ್ಕದಲ್ಲಿ ಎಣ್ಣೆ ಬದಲಾಯಿಸುವುದು ಇದರಿಂದಲೇ. ನಮ್ಮವರು ಅಷ್ಟು ದೂರ ಹೋಗಬೇಕಾಗಿಲ್ಲ. ಪುಸ್ತಕದ ಅವಧಿಯನ್ನು ಅರ್ಧಕ್ಕಿಳಿಸಿದರೆ ಸಾಕೆಂದು ನಮ್ಮ ಮತ. ಪ್ರವಾಸದಿಂದ ಮರಳಿದ ಮೇಲೆ ಬದಲಾಯಿಸುವುದು, ಹೊರಡುವ ಮುನ್ನ ಬದಲಾಯಿಸುವುದಕ್ಕಿಂತಲೂ ಅಗತ್ಯವಾದುದು. ಇದನ್ನು ಬಹುಜನ ಮರೆಯುತ್ತಾರೆ, ಅಷ್ಟು ಹೊತ್ತಿಗೆ ಜೇಬು ಬರಿದಾಗಿರುವುದರಿಂದ.

ಒಂದು ವಿಷಯದಲ್ಲಿ ಮಾತ್ರ ಬಾಣಲೆಯ ಅನುಭವ ಮೋಸಮಾಡುವುದು. ಎಂಜಿನ್ ಎಣ್ಣೆ ಬೇಗನೆ ಕಪ್ಪಾದರೆ ಕೆಟ್ಟಿತೆಂದೇ ಅರ್ಥವಲ್ಲ. ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಭಯಪಡಬೇಕಾದ ಬಣ್ಣ ಕಪ್ಪಲ್ಲ, ಹಾಲು ಬೆರೆಸಿದ ಕಾಫಿಯದು. ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಹಿಮ ಕರಗಿ ನಾಲೆಗಳು ಉಕ್ಕುತ್ತವೆ. ಅವುಗಳನ್ನು ದಾಟುವಾಗ ನೀರು ಒಳಹೊಕ್ಕರೆ ಎಣ್ಣೆಯ ಕಿಟಕಿಯಲ್ಲಿ ಆ ಬಣ್ಣ ಕಾಣುವುದು. ಕಂಡ ಕ್ಷಣದಲ್ಲಿಯೇ ಎಂಜಿನನ್ನು ನಿಲ್ಲಿಸಬೇಕು, ಎಣ್ಣೆಯನ್ನು ಬದಲಾಯಿಸದೆ ಮುಂದುವರಿಯಬಾರದು. ಹಳೆಯ ಕಾರ್ಬುರೇಟರಿನ ಗಾಡಿಗಳಿಗೆ ಇನ್ನೊಂದು ತೊಂದರೆ: ಎತ್ತರದಲ್ಲಿ ಗಾಳಿ ವಿರಳವಾದುದರಿಂದ ಪೆಟ್ರೋಲು ಹೆಚ್ಚಾಗಿ, ಉರಿಯದೆ ಮಿಕ್ಕಿದ್ದು ಕೆಳಗಿಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ. ಎಣ್ಣೆಯ ಮಟ್ಟ ತಾನಾಗಿಯೇ ಏರಿದಂತೆ ಕಂಡರೆ ಸಂತೋಷಪಡಬೇಡಿ. ಪೆಟ್ರೋಲಿನ ವಾಸನೆಯಿದೆಯೇ ನೋಡಿ. ಅರಾವಳಿಯ ಧೂಳಿನ ಮಾತಂತೂ ಹೇಳಲೇಬೇಕು. ಗಾಳಿ ಸೋಸುವ ಫಿಲ್ಟರು ಹರಿದಿದ್ದರೆ ಒಳಹೋಗುವುದು ಕಲ್ಲಿನ ನುಣುಪು ಪುಡಿ. ಲೋಕದ ಅತ್ಯುತ್ತಮ ಎಣ್ಣೆಯೂ ಆಗ ಪಾತ್ರೆ ತಿಕ್ಕುವ ಪುಡಿಯಂತಾಗುವುದು. ಎಣ್ಣೆಗೆ ಹೆಚ್ಚಿನ ನೂರು ರೂಪಾಯಿ ಕೊಡುವ ಮುನ್ನ ಫಿಲ್ಟರನ್ನು ನೋಡಿಕೊಳ್ಳಿ.

ನಕಲಿ ಎಣ್ಣೆಯ ಬಗ್ಗೆಯೂ ಒಂದು ಮಾತು. ದೆಹಲಿಯ ಸುತ್ತಮುತ್ತ ಹೆಸರಾಂತ ಕಂಪನಿಗಳ ಖಾಲಿ ಡಬ್ಬಿಗಳಿಗೆ ಕೀಳು ಎಣ್ಣೆ ತುಂಬುವವರನ್ನು ಪೊಲೀಸರು ಹಿಡಿದ ಸುದ್ದಿ ಪದೇ ಪದೇ ಬರುತ್ತದೆ. ಖಾಲಿ ಡಬ್ಬಿ ಅವರ ಕೈಗೆ ಸಿಗುವುದು ನಮ್ಮಂಥವರು ಅದನ್ನು ಹಾಗೆಯೇ ಬಿಟ್ಟು ಬರುವುದರಿಂದ. ಎಣ್ಣೆ ನಮ್ಮ ಕಣ್ಣೆದುರಿಗೇ ಮುದ್ರೆ ಒಡೆದು ಸುರಿಯಬೇಕು, ಡಬ್ಬಿಗೆ ತೂತು ಹೊಡೆದು ಬರಬೇಕು. ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲಗೊಡಬಾರದು; ಅದು ಯಮುನೆಯನ್ನೇ ಸೇರುವುದು.

ಕರೋಲ್ ಬಾಗಿನಲ್ಲಿ ಬಾಡಿಗೆಗೆ ಗಾಡಿ ಹಿಡಿದು ಹೋಗುವವರು ಇದೆಲ್ಲ ಅಂಗಡಿಯವನ ಹೊಣೆಯೆಂದು ನಿಶ್ಚಿಂತರಾಗುವುದುಂಟು. ಆದರೆ ಕ್ಲಚ್ಚು ಸುಟ್ಟರೆ ಠೇವಣಿಯಿಂದ ಮುರಿದುಕೊಳ್ಳುವುದು ಬಾಡಿಗೆಗೆ ಒಯ್ದವನದೇ ಹಣ. ಎಣ್ಣೆ ಯಾವುದು, ಎಂದು ಬದಲಾಯಿಸಿದ್ದು ಎಂಬ ಎರಡು ಪ್ರಶ್ನೆಗಳನ್ನು ಹಣ ಕೊಡುವ ಮುಂಚೆ ಕೇಳುವುದರಲ್ಲಿ ನಾಚಿಕೆಯೇನು?

ಕೊನೆಗೆ ನಮ್ಮ ಗುಮಾಸ್ತ ಮಿತ್ರರಲ್ಲಿ ಒಂದು ವಿನಂತಿ. ಗಾಡಿಯೊಡನೆ ಬರುವ ಪುಸ್ತಕ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುತ್ತದೆ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಕುಂದಾಪುರದಿಂದಲೋ ಕಾರ್ಕಳದಿಂದಲೋ ಬಂದು ಹೋಟೆಲು ಸೇರಿದ ಹುಡುಗನಿಗೆ ಆ ಸಣ್ಣ ಅಕ್ಷರಗಳು ದಕ್ಕುವುದಿಲ್ಲ. ಹಾಗೆ ದಕ್ಕದುದರಿಂದಲೇ ಅವನು ಬೆಲೆಯನ್ನೂ ಬಣ್ಣವನ್ನೂ ನಂಬುತ್ತಾನೆ. ನೀವಾದರೋ ದಿನವಿಡೀ ಸುತ್ತೋಲೆಗಳ ಅಡಿಟಿಪ್ಪಣಿಗಳನ್ನು ಓದುವವರು. ಮುಂದಿನ ಭಾನುವಾರ ರಾವ್ ತುಲಾ ರಾಮ್ ಮಾರ್ಗದ ಕರ್ನಾಟಕ ಸಂಘಕ್ಕೆ ಬಂದಾಗಲೋ, ನಿಮ್ಮ ಬೀದಿಯ ಹೋಟೆಲಿನಲ್ಲಿ ಕಾಫಿಗೆ ಕುಳಿತಾಗಲೋ, ಬಡಿಸುವ ತಮ್ಮನಿಗೆ ಗಾಡಿಯಿದೆಯೇ ಎಂದು ವಿಚಾರಿಸಿ. ಇದ್ದರೆ ಪುಸ್ತಕವನ್ನು ತರಿಸಿ, ಎಣ್ಣೆಯ ಪುಟವನ್ನು ಹುಡುಕಿ, ಮೂರು ಸಂಗತಿಗಳನ್ನು ಕನ್ನಡದಲ್ಲಿ ಒಂದು ಚೀಟಿಗೆ ಇಳಿಸಿಕೊಡಿ: ಅಂಕಿ, ಜಾಸೊ ಅಕ್ಷರ, ಎಷ್ಟು ಎಣ್ಣೆ ಹಿಡಿಯುವುದೆಂಬ ಅಳತೆ. ಅದನ್ನು ಅವನು ಸೀಟಿನ ಕೆಳಗೆ, ಮಳೆ ತಾಗದಂತೆ ಅಂಟಿಸಿಕೊಳ್ಳಲಿ. ಮೆಕ್ಯಾನಿಕನ ಮುಂದೆ ಅವನು ಅದನ್ನು ತೋರಿಸಿದರಾಯಿತು, ಮಾತೇ ಬೇಕಾಗುವುದಿಲ್ಲ.